ಸ್ವಲ್ಪ ಹೊತ್ತು ಸುಮ್ಮನಿರಿ: ಗೇಮ್ ಮಾಡುವವರಿಗೆ ಒಂದು ಬಹಿರಂಗ ಪತ್ರ

ವಿಡಿಯೋ ಗೇಮ್ ಮಾಡುವ ಎಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ಒಂದು ರಾತ್ರಿ ಹೊಸ ಗೇಮ್ ಒಂದನ್ನು ಆಡುತ್ತಿದ್ದೆ. ಅದರ ಹೆಸರು ಇಲ್ಲಿ ಬೇಡ. ತುಂಬಾ ಚೆಂದದ ಗೇಮ್. ಎಷ್ಟು ಜನ ಎಷ್ಟು ವರ್ಷ ಕೂತು ಮಾಡಿದರೋ ಅನ್ನಿಸುವಂಥದ್ದು. ಆಡುತ್ತಾ ಆಡುತ್ತಾ ಒಂದು ಪಾಳು ಕೋಟೆಯೊಳಗೆ ಹೋದೆ. ಬಾಗಿಲು ಮುಚ್ಚಿತ್ತು. ಎದುರಿಗೆ ಒಂದು ದೊಡ್ಡ ಚಕ್ರ, ಮೇಲೆ ಸರಪಳಿ, ಮೂಲೆಯಲ್ಲಿ ಹರಿಯುವ ನೀರು. ನೀರಿಗೂ ಚಕ್ರಕ್ಕೂ ಏನಾದರೂ ಸಂಬಂಧ ಇದೆಯಾ ಅಂತ ಕ್ಯಾಮೆರಾ ತಿರುಗಿಸಿ ನೋಡತೊಡಗಿದೆ. ಅಷ್ಟರಲ್ಲಿ ನನ್ನ ಜೊತೆಗಿದ್ದ ಪಾತ್ರ ಮಾತಾಡಿತು. ಆ ನೀರನ್ನು ಚಕ್ರದ ಕಡೆ ತಿರುಗಿಸಿದರೆ ಬಾಗಿಲು ತೆರೆಯಬಹುದು ಅಂದಿತು. ನಾನು ಒಳಗೆ ಬಂದು ಹತ್ತು ಸೆಕೆಂಡ್ ಕೂಡ ಆಗಿರಲಿಲ್ಲ.

ಕಂಟ್ರೋಲರ್ ಕೆಳಗಿಟ್ಟೆ. ಸಿಟ್ಟಿಗಿಂತ ಬೇಜಾರೇ ಜಾಸ್ತಿ ಆಯಿತು. ಇನ್ನು ಎಷ್ಟು ಸಲ ಆ ಗೇಮ್ ಆಡಿದರೂ ಆ ಬಾಗಿಲನ್ನು ನಾನು ತೆರೆದೆ ಅಂತ ಹೇಳಿಕೊಳ್ಳುವ ಹಾಗಿಲ್ಲ. ಬಾಸ್, ಅಂದರೆ ದೊಡ್ಡ ಶತ್ರುವಿನ ಜೊತೆಗಿನ ಜಗಳವನ್ನಾದರೆ ಹತ್ತು ಸಲ ಆಡಬಹುದು. ಪಜಲ್ ಹಾಗಲ್ಲ. ಉತ್ತರ ಒಮ್ಮೆ ಕಿವಿಗೆ ಬಿದ್ದರೆ ಮುಗಿಯಿತು, ಅದನ್ನು ಮರೆತು ಮತ್ತೆ ಯೋಚಿಸಲು ಯಾರಿಂದಲೂ ಆಗುವುದಿಲ್ಲ.

ಈ ಪತ್ರ ಬರೆಯಲು ಕೂತದ್ದು ಆ ರಾತ್ರಿಯಿಂದಾಗಿಯೇ.

ಈಗಿನ ಗೇಮ್‌ಗಳು ತೀರಾ ಸುಲಭ ಆಗಿಬಿಟ್ಟಿವೆ ಅಂತ ನನ್ನ ವಯಸ್ಸಿನ ಆಟಗಾರರು ನಾಲ್ಕು ಜನ ಸೇರಿದಾಗಲೆಲ್ಲ ಹೇಳುತ್ತೇವೆ. ನೀವೂ ಕೇಳಿ ಕೇಳಿ ಸಾಕಾಗಿರಬೇಕು. ಆ ಮಾತಿನಲ್ಲಿ ನಿಜ ಇದೆ. ಆದರೆ ನಿಜ ಇರುವ ಕಡೆ ಯಾವುದು, ಇಲ್ಲದ ಕಡೆ ಯಾವುದು ಅಂತ ನಾವು ಬಿಡಿಸಿ ಹೇಳುವುದಿಲ್ಲ. ಸುಮ್ನೆ ಕೂಗಾಡುತ್ತೇವೆ. ಇವತ್ತು ಬಿಡಿಸಿ ಹೇಳಲು ನೋಡುತ್ತೇನೆ.

ಮೊದಲು ಹಳೆಯ ಕಾಲದ ಬಗ್ಗೆ ಪ್ರಾಮಾಣಿಕವಾಗಿ ಮಾತಾಡಬೇಕು. ನಾವು ಅಷ್ಟೊಂದು ನೆನೆಯುವ ಆ ಕಷ್ಟದಲ್ಲಿ ದೊಡ್ಡ ಪಾಲು ದುಡ್ಡಿಗಾಗಿ ಇಟ್ಟದ್ದು. ನಾಣ್ಯ ಹಾಕಿ ನಿಂತು ಆಡುತ್ತಿದ್ದ ಆರ್ಕೇಡ್ ಯಂತ್ರ ಬದುಕುತ್ತಿದ್ದದ್ದೇ ಆ ನಾಣ್ಯದ ಮೇಲೆ. ಆಟಗಾರ ಬೇಗ ಸತ್ತರೆ ಇನ್ನೊಂದು ನಾಣ್ಯ ಬೇಗ ಬೀಳುತ್ತಿತ್ತು. ಯಂತ್ರದ ಒಳಗೆ ಪುಟ್ಟ ಪುಟ್ಟ ಸ್ವಿಚ್‌ಗಳಿರುತ್ತಿದ್ದವು. ಎಷ್ಟು ಲೈಫ್ ಕೊಡಬೇಕು, ಅಂದರೆ ಎಷ್ಟು ಸಲ ಸತ್ತರೆ ಆಟ ಮುಗಿಯಬೇಕು, ಎಷ್ಟು ಕಷ್ಟ ಇರಬೇಕು ಅಂತ ಯಂತ್ರದ ಮಾಲೀಕನೇ ಅಲ್ಲಿ ಗೊತ್ತು ಮಾಡಬಹುದಿತ್ತು. 1985ರಲ್ಲಿ ಕ್ಯಾಪ್‌ಕಾಮ್ ಕಂಪನಿಯಿಂದ ಬಂದ ಘೋಸ್ಟ್ಸ್ ಎನ್ ಗಾಬ್ಲಿನ್ಸ್ ನೆನಪಿದೆಯಾ? ಕೊನೆಯವರೆಗೂ ಹೋಗಿ ಗೆದ್ದವರಿಗೆ ಆ ಗೇಮ್, ಇದೆಲ್ಲ ಸೈತಾನನ ಮಾಯೆ, ಮೊದಲಿನಿಂದ ಮತ್ತೆ ಆಡು ಅನ್ನುತ್ತಿತ್ತು. ಎರಡನೇ ಸಲ ಮುಗಿಸಿದರೆ ಮಾತ್ರ ನಿಜವಾದ ಕೊನೆ.

ಮನೆಗೆ ಬಂದ ಗೇಮ್‌ಗಳಿಗೆ ಜಾಗದ ಕೊರತೆ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಗೇಮ್ 40 ಕಿಲೋಬೈಟ್. ಈಗ ಫೋನಿನಲ್ಲಿ ತೆಗೆದ ಒಂದು ಫೋಟೋ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅಷ್ಟು ಪುಟ್ಟ ಗೇಮ್ ತಿಂಗಳುಗಟ್ಟಲೆ ಬಾಳಬೇಕಾದರೆ ಆಟಗಾರನನ್ನು ಮತ್ತೆ ಮತ್ತೆ ಹಿಂದಕ್ಕೆ ಕಳಿಸಲೇಬೇಕಿತ್ತು. ಅಮೆರಿಕದಲ್ಲಂತೂ ಗೇಮ್‌ಗಳು ಬಾಡಿಗೆಗೆ ಸಿಗುತ್ತಿದ್ದವು. ಬಾಡಿಗೆಗೆ ಒಯ್ದವರು ಎರಡೇ ದಿನದಲ್ಲಿ ಮುಗಿಸಿಬಿಟ್ಟರೆ ಕೊಳ್ಳುವವರು ಯಾರು? ಅದಕ್ಕೇ ಬೇಕೆಂದೇ ಕಷ್ಟ ಮಾಡಿದ ಗೇಮ್‌ಗಳಿದ್ದವು. 1994ರ ದಿ ಲಯನ್ ಕಿಂಗ್ ಗೇಮ್ ವಿಷಯದಲ್ಲಿ ಹೀಗಾಗಿತ್ತು ಅಂತ ಅದನ್ನು ಮಾಡಿದವರೇ ಮುಂದೆ ಹೇಳಿಕೊಂಡಿದ್ದಾರೆ. ಚಿಕ್ಕವನಿದ್ದಾಗ ಅದರ ಎರಡನೇ ಲೆವೆಲ್ ದಾಟಲಾಗದೆ ನನ್ನ ಕೈಯೇ ಸರಿಯಿಲ್ಲ ಅಂದುಕೊಂಡ ಎಷ್ಟೋ ಜನರಲ್ಲಿ ನಾನೂ ಒಬ್ಬ.

ಗೇಮ್ ಮಾಡಿದವರ ಕೈಗೇ ಅವು ಬಗ್ಗುತ್ತಿರಲಿಲ್ಲ. 1986ರಲ್ಲಿ ಕೊನಾಮಿ ಕಂಪನಿಯ ಕಝುಹಿಸಾ ಹಾಶಿಮೊಟೊ ಆರ್ಕೇಡಿನ ಗ್ರೇಡಿಯಸ್ ಗೇಮನ್ನು ಕನ್ಸೋಲ್‌ಗೆ, ಅಂದರೆ ಮನೆಯ ಟಿವಿಗೆ ಜೋಡಿಸಿ ಆಡುವ ಯಂತ್ರಕ್ಕೆ ತರುತ್ತಿದ್ದರು. ಪರೀಕ್ಷೆ ಮಾಡಲು ಅದನ್ನು ಆಡಿ ಮುಗಿಸಬೇಕಲ್ಲ, ಅವರಿಂದ ಆಗಲಿಲ್ಲ. ಅದಕ್ಕೆ ಬಹುತೇಕ ಎಲ್ಲ ಶಕ್ತಿಗಳನ್ನೂ ಒಮ್ಮೆಗೇ ಕೊಡುವ ಒಂದು ಗುಟ್ಟಿನ ಸಂಕೇತ ಸೇರಿಸಿಕೊಂಡರು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ನಮ್ಮ ತಲೆಮಾರಿನ ಅರ್ಧ ಜನರಿಗೆ ಇದು ಈಗಲೂ ಬಾಯಿಪಾಠ. ಆ ಕಾಲಕ್ಕೆ ವಾಪಸ್ ಕರೆದುಕೊಂಡು ಹೋಗಿ ಅಂತ ನಾನು ನಿಮ್ಮನ್ನು ಕೇಳುತ್ತಿಲ್ಲ. ಮೂರೇ ಲೈಫ್, ಸೇವ್ ಇಲ್ಲ, ಕರೆಂಟ್ ಹೋದರೆ ಎಲ್ಲ ಹೋಯಿತು. ಅದೆಲ್ಲ ಹೋದದ್ದೇ ಒಳ್ಳೆಯದಾಯಿತು.

ಆದರೂ ಆ ಕಷ್ಟದ ರಾಶಿಯೊಳಗೆ ಒಂದು ಒಳ್ಳೆಯ ಸಂಗತಿ ಇತ್ತು. ಅದನ್ನೂ ಜೊತೆಗೇ ಎಸೆದುಬಿಡುತ್ತಿದ್ದೀರಿ ಅನ್ನುವುದೇ ನನ್ನ ಚಿಂತೆ.

ಮೇಲಿನಿಂದ ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸುವ ಟೆಟ್ರಿಸ್ ನೋಡಿ. ನಿಂಟೆಂಡೊ ತನ್ನ ಕನ್ಸೋಲ್‌ಗೆ 1989ರಲ್ಲಿ ತಂದ ಟೆಟ್ರಿಸ್‌ನಲ್ಲಿ 29ನೇ ಲೆವೆಲ್ ಬಂದರೆ ಆಟ ಮುಗಿದಂತೆ ಅಂತ ಎಲ್ಲರೂ ತುಂಬಾ ವರ್ಷ ನಂಬಿದ್ದರು. ಅಲ್ಲಿ ತುಂಡುಗಳು ಮೇಲಿನಿಂದ ತಳಕ್ಕೆ ಬೀಳಲು ಒಂದು ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಬಟನ್ ಒತ್ತಿ ಹಿಡಿದರೆ ತುಂಡು ಅಂಚಿಗೆ ಹೋಗುವಷ್ಟರಲ್ಲಿ ತಳ ಸೇರಿರುತ್ತದೆ. ಆಮೇಲೆ ಯಾರೋ ಹೆಬ್ಬೆರಳನ್ನು ನಡುಗಿಸುತ್ತಾ ಬಟನ್ ಒತ್ತುವುದನ್ನು ಕಲಿತರು. 29 ದಾಟಿತು. ಇನ್ನೂ ಕೆಲವು ವರ್ಷಕ್ಕೆ ಮತ್ತೊಂದು ಉಪಾಯ ಬಂತು. ಹೆಬ್ಬೆರಳನ್ನು ಬಟನ್ ಮೇಲೆ ಸುಮ್ಮನೆ ಇಟ್ಟುಕೊಂಡು, ಇನ್ನೊಂದು ಕೈಯ ಬೆರಳುಗಳನ್ನು ಕಂಟ್ರೋಲರ್ ಹಿಂಬದಿಗೆ ಒಂದಾದ ಮೇಲೊಂದು ತಟ್ಟುತ್ತಾ ಹೋಗುವುದು. 2023ರ ಡಿಸೆಂಬರ್‌ನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ 157ನೇ ಲೆವೆಲ್ ಮುಟ್ಟಿದ. ಅಲ್ಲಿಗೆ ಗೇಮೇ ಸೋತು ನಿಂತುಬಿಟ್ಟಿತು. ಬಂದು 34 ವರ್ಷ ಆದ ಮೇಲೆ! ಆ ಗೇಮ್ ಹುಟ್ಟಿದಾಗ ಅವನ ಅಪ್ಪ ಅಮ್ಮ ಚಿಕ್ಕ ಮಕ್ಕಳಾಗಿರಬೇಕು.

29ನೇ ಲೆವೆಲ್‌ನಲ್ಲಿ ಗೇಮ್ ತಾನಾಗಿ ನಿಧಾನ ಆಗಿದ್ದರೆ ಈ ಉಪಾಯಗಳು ಯಾರಿಗೂ ಹೊಳೆಯುತ್ತಿರಲಿಲ್ಲ. ಎದುರಿಗೆ ಗೋಡೆ ಇತ್ತು, ಗೇಮ್ ಸುಮ್ಮನಿತ್ತು. ಜನ ಗೋಡೆಯನ್ನೇ ನೋಡುತ್ತಾ ಕೂತರು. ನಾನು ಹೇಳುವ ಒಳ್ಳೆಯ ಸಂಗತಿ ಅಂದರೆ ಹಾಗೆ ಕೂರುವುದಕ್ಕೆ ಸಿಗುತ್ತಿದ್ದ ಹೊತ್ತು.

ಕಲಿಸಲೇಬಾರದು ಅಂತ ಇದರ ಅರ್ಥ ಅಲ್ಲ. ಮಾರಿಯೋದ ಮೊದಲ ಲೆವೆಲ್ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬಲಗಡೆಯಿಂದ ಒಂದು ಕಂದು ಬಣ್ಣದ ಪ್ರಾಣಿ ನಡೆದು ಬರುತ್ತದೆ. ಮುಟ್ಟಿದರೆ ಸಾವು. ಹಾಗಾಗಿ ಮುಂದಿನ ಸಲ ಹಾರುತ್ತೀರಿ. ಹಾರಿದಾಗ ತಲೆ ಮೇಲಿನ ಡಬ್ಬಿಗೆ ತಾಗುತ್ತದೆ, ಒಂದರಿಂದ ಅಣಬೆ ಹೊರಬರುತ್ತದೆ. ಅದನ್ನು ಕಂಡು ಹೆದರುವವರೂ ಇರುತ್ತಾರೆ. ಅದು ಮುಂದೆ ಹೋಗಿ ಕೊಳವೆಗೆ ಬಡಿದು ನಿಮ್ಮ ಕಡೆಗೇ ವಾಪಸ್ ಬರುತ್ತದೆ. ತಪ್ಪಿಸಿಕೊಳ್ಳಲು ಹಾರಿದರೂ ಮೇಲಿನ ಡಬ್ಬಿಗಳು ತಡೆಯುತ್ತವೆ, ಹಾಗಾಗಿ ಬಹಳ ಮಟ್ಟಿಗೆ ಅಣಬೆ ತಾಗಿಯೇ ತಾಗುತ್ತದೆ. ಮಾರಿಯೋ ದೊಡ್ಡವನಾಗುತ್ತಾನೆ. ಅರೆ, ಇದು ಒಳ್ಳೆಯದು! ಇದನ್ನೆಲ್ಲ ಬೇಕೆಂದೇ ಹೀಗೆ ಜೋಡಿಸಿದ್ದು ಅಂತ ಮಾರಿಯೋವನ್ನು ಸೃಷ್ಟಿಸಿದ ಶಿಗೆರು ಮಿಯಾಮೊಟೊ ವಿವರಿಸಿದ್ದಾರೆ. ಒಂದೇ ಒಂದು ಅಕ್ಷರ ಪರದೆಯ ಮೇಲೆ ಬಂದು ಪಾಠ ಹೇಳುವುದಿಲ್ಲ. ಆದರೂ ಅರ್ಧ ನಿಮಿಷದಲ್ಲಿ ಆಟದ ಮೂರು ನಾಲ್ಕು ನಿಯಮ ಗೊತ್ತಾಗಿರುತ್ತದೆ. ಅವನ್ನು ನಾನೇ ಕಂಡುಹಿಡಿದೆ ಅನ್ನುವ ಖುಷಿಯೂ ಜೊತೆಗೆ.

ಈಗ ಏನಾಗಿದೆ? ಕೈ ಮಾಡುವ ಕೆಲಸ ಈಗಿನ ಗೇಮ್‌ಗಳಲ್ಲಿ ನಿಜಕ್ಕೂ ಕಡಿಮೆಯಾಗಿಲ್ಲ. ಎಷ್ಟೋ ಗೇಮ್‌ಗಳಲ್ಲಿ ಹತ್ತು ಹನ್ನೆರಡು ಬಟನ್ ನೆನಪಿಡಬೇಕು. ಹಳೆಯ ಮಾರಿಯೋಗೆ ಹಾರುವುದಕ್ಕೆ ಒಂದು, ಓಡುವುದಕ್ಕೆ ಒಂದು ಬಟನ್ ಸಾಕಿತ್ತು. ಕಡಿಮೆಯಾಗಿರುವುದು ಹುಡುಕುವ ಕೆಲಸ, ಊಹಿಸುವ ಕೆಲಸ, ತಪ್ಪು ದಾರಿಯಲ್ಲಿ ಹೋಗಿ ಏನೋ ಕಂಡು ಬರುವ ಕೆಲಸ.

ಬೆಥೆಸ್ಡಾ ಕಂಪನಿಯ ಎರಡು ಗೇಮ್ ಪಕ್ಕಪಕ್ಕ ಇಟ್ಟು ನೋಡಿದರೆ ಇದು ಸ್ಪಷ್ಟ ಆಗುತ್ತದೆ. 2002ರ ಮಾರೋವಿಂಡ್‌ನಲ್ಲಿ ಒಬ್ಬರು ಕೆಲಸ ಒಪ್ಪಿಸಿದರೆ ದಾರಿಯನ್ನು ಬಾಯಲ್ಲಿ ಹೇಳುತ್ತಿದ್ದರು. ಸೇತುವೆ ದಾಟಿ ದಕ್ಷಿಣಕ್ಕೆ ಹೋಗು, ದಾರಿ ಕವಲೊಡೆಯುವ ಕಡೆ ಎಡಕ್ಕೆ ತಿರುಗು, ಈ ಥರ. ಅದನ್ನು ಓದಿಕೊಂಡು ಹೊರಡಬೇಕು. ಸುತ್ತ ನೋಡುತ್ತಾ ನಡೆಯಬೇಕು. ಕೆಲವು ಸಲ ಹೇಳಿದ ದಾರಿಯೇ ಗೊಂದಲ. ದಾರಿ ತಪ್ಪಿ ಅಲೆದದ್ದೂ ಉಂಟು, ಹಾಗೆ ಅಲೆಯುವಾಗ ಸಿಕ್ಕ ಗುಹೆಗಳು ನನಗೆ ಈಗಲೂ ನೆನಪಿವೆ. 2006ರ ಒಬ್ಲಿವಿಯನ್‌ಗೆ ಬರುವಷ್ಟರಲ್ಲಿ ದಿಕ್ಸೂಚಿಯ ಮೇಲೆ ಒಂದು ಬಾಣ ಬಂತು. ಬಾಣದ ಕಡೆ ನಡೆದರೆ ಸಾಕು. ಎದುರಿನ ಮನುಷ್ಯ ಏನು ಹೇಳಿದ ಅಂತ ಕೇಳಿಸಿಕೊಳ್ಳುವ ಅಗತ್ಯವೇ ಇಲ್ಲ. ಒಬ್ಲಿವಿಯನ್ ನನಗೆ ಇಷ್ಟವೇ. ಆದರೆ ಅದರ ಊರುಗಳ ನಡುವಿನ ದಾರಿಯಲ್ಲಿ ಏನೇನಿತ್ತು ಅಂತ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ನಾನು ನೋಡಿದ್ದು ಬಾಣವನ್ನು ಮಾತ್ರ.

ಹಳದಿ ಬಣ್ಣದ ವಿಷಯ ನಿಮಗೆ ಹೇಳಬೇಕಾಗಿಲ್ಲ. 2023ರಲ್ಲಿ ಹೊಸದಾಗಿ ಮಾಡಿದ ರೆಸಿಡೆಂಟ್ ಈವಿಲ್ 4ರಲ್ಲಿ ಒಡೆಯಬೇಕಾದ ಪೀಪಾಯಿಗೂ ಹತ್ತಬೇಕಾದ ಏಣಿಗೂ ಹಳದಿ ಬಣ್ಣ ಬಳಿದಿತ್ತು. ಮರುವರ್ಷ ಫೈನಲ್ ಫ್ಯಾಂಟಸಿ 7 ರೀಬರ್ತ್‌ನಲ್ಲಿ ಹತ್ತುವ ಬಂಡೆಗಳಿಗೂ ಅದೇ ಬಣ್ಣ. ಜನ ದೊಡ್ಡ ಗಲಾಟೆ ಮಾಡಿದರು. ಇಲ್ಲಿ ನಾನು ಸ್ವಲ್ಪ ನಿಮ್ಮ ಕಡೆಗೇ ನಿಲ್ಲುತ್ತೇನೆ. ಹಿಂದೆ ಪರದೆಯ ಮೇಲೆ ಇದ್ದದ್ದೇ ನಾಲ್ಕು ವಸ್ತು. ಏಣಿ ಕಂಡರೆ ಅದು ಹತ್ತುವ ಏಣಿಯೇ. ಈಗ ಒಂದು ಕೋಣೆಯಲ್ಲಿ ನೂರು ವಸ್ತು, ಎಲ್ಲವೂ ನಿಜದ ಹಾಗೆ ಕಾಣುತ್ತವೆ. ತೊಂಬತ್ತೈದನ್ನು ಮುಟ್ಟಲು ಆಗುವುದಿಲ್ಲ. ಆ ಐದು ಯಾವುವು ಅಂತ ಹುಡುಕುವುದು ಬುದ್ಧಿಯ ಕೆಲಸ ಅಲ್ಲ, ಬರೀ ತಡಕಾಟ. ಗುರುತು ಬೇಕೇ ಬೇಕು. ಕಣ್ಣು ಸರಿಯಾಗಿ ಕಾಣದವರಿಗಂತೂ ಇನ್ನೂ ಬೇಕು. ನನ್ನ ತಕರಾರು ಬಣ್ಣದ ಮೇಲಲ್ಲ. ಇಲ್ಲಿ ಹತ್ತಬಹುದು ಅಂತ ಹೇಳುವುದು ಬೇರೆ, ಈಗ ಇಲ್ಲೇ ಹತ್ತು ಅಂತ ಹೇಳುವುದು ಬೇರೆ ಅಲ್ವಾ? ಮೊದಲನೆಯದು ಆಟದ ಭಾಷೆ ಕಲಿಸುತ್ತದೆ. ಎರಡನೆಯದು ನನ್ನ ಸರದಿಯನ್ನು ನೀವೇ ಆಡಿದ ಹಾಗೆ.

ಸರಿಯಾಗಿ ನೆರವಾಗುವುದು ನಿಮಗೆ ಗೊತ್ತಿಲ್ಲ ಅಂತಲೂ ಅಲ್ಲ. 2009ರ ನ್ಯೂ ಸೂಪರ್ ಮಾರಿಯೋ ಬ್ರದರ್ಸ್ ವೀನಲ್ಲಿ ಒಂದೇ ಲೆವೆಲ್‌ನಲ್ಲಿ ಎಂಟು ಸಲ ಸತ್ತ ಮೇಲೆ ಒಂದು ಹಸಿರು ಡಬ್ಬಿ ಬರುತ್ತದೆ. ಅದಕ್ಕೆ ಗುದ್ದಿದರೆ ಮಾರಿಯೋನ ತಮ್ಮ ಲುಯಿಜಿ ಬಂದು ಆ ಲೆವೆಲ್ ಆಡಿ ತೋರಿಸುತ್ತಾನೆ. ಬೇಡ ಅಂದರೆ ಗುದ್ದದೆ ಮುಂದೆ ಹೋಗಬಹುದು. ಎಂಟು ಸಲ ಕಾದದ್ದನ್ನು ನೋಡಿ! ಅದೂ ಮಕ್ಕಳೂ ಆಡುವ ಗೇಮ್‌ನಲ್ಲಿ. ಅಲ್ಲಿಂದ ಹತ್ತು ಸೆಕೆಂಡಿಗೆ ಇಳಿದದ್ದು ಯಾಕೆ? ಪರೀಕ್ಷೆಗೆ ಕರೆದು ಆಡಿಸಿದ ಜನ ಒಂದು ಕಡೆ ನಿಂತುಬಿಟ್ಟರೆ ನಿಮಗೆ ಗಾಬರಿ ಆಗುತ್ತದೆ ಅಂತ ಕಾಣುತ್ತದೆ. ಅಷ್ಟು ದುಡ್ಡು ಹಾಕಿ ಮಾಡಿದ ಗೇಮನ್ನು ಅರ್ಧಕ್ಕೇ ಬಿಟ್ಟು ಹೋದರೆ ಅನ್ನುವ ಭಯ. ಆ ಭಯ ನನಗೆ ಅರ್ಥ ಆಗುತ್ತದೆ. ಆದರೆ ನಿಂತವರೆಲ್ಲ ಬಿಟ್ಟು ಹೋಗುವವರಲ್ಲ. ಕೆಲವರು ಯೋಚಿಸುತ್ತಿರುತ್ತಾರೆ.

ಈಗ ನನ್ನ ಅಣ್ಣನ ವಿಷಯ ಹೇಳಬೇಕು.

ನನಗೆ ಗೇಮ್ ಆಡಲು ಕಲಿಸಿದವನೇ ಅವನು. ಆರು ವರ್ಷದ ಹಿಂದೆ ಒಂದು ಅಪಘಾತದಲ್ಲಿ ಅವನ ಬಲಗೈಗೆ ಪೆಟ್ಟಾಯಿತು. ಬೆರಳುಗಳು ಮಡಚುತ್ತವೆ, ಆದರೆ ಬೇಗ ಆಗುವುದಿಲ್ಲ. ಎರಡು ವರ್ಷ ಅವನು ಕಂಟ್ರೋಲರ್ ಮುಟ್ಟಲಿಲ್ಲ. ಆಮೇಲೆ ಒಂದು ದಿನ ಅವನ ಮುಂದೆ ಸೆಲೆಸ್ಟ್ ಇಟ್ಟೆ. 2018ರ ಗೇಮ್. ಒಬ್ಬ ಹುಡುಗಿ ಬೆಟ್ಟ ಹತ್ತುವ ಕಥೆ, ಬಹಳ ಕಷ್ಟದ ಗೇಮ್. ಆದರೆ ಅದರಲ್ಲಿ ಅಸಿಸ್ಟ್ ಮೋಡ್ ಅಂತ ಇದೆ. ಆಟದ ವೇಗ ತಗ್ಗಿಸಬಹುದು, ಹತ್ತುವಾಗ ಸುಸ್ತಾಗದ ಹಾಗೆ ಮಾಡಬಹುದು, ಬೇಕಾದರೆ ಸಾವೇ ಬರದ ಹಾಗೂ ಮಾಡಬಹುದು. ಅಣ್ಣ ವೇಗವನ್ನು ಮಾತ್ರ ತಗ್ಗಿಸಿಕೊಂಡ. ಉಳಿದದ್ದನ್ನು ಮುಟ್ಟಲಿಲ್ಲ. ಒಂದೊಂದು ಕೋಣೆಯಲ್ಲೂ ನೂರಾರು ಸಲ ಸತ್ತ. ತುದಿ ಮುಟ್ಟಿದ ದಿನ ಅವನು ಅತ್ತದ್ದನ್ನು ನಾನು ನೋಡಿದ್ದೇನೆ.

ಈ ಮೋಡ್ ಇರಬಾರದು, ಇದರಿಂದ ಗೆಲುವಿನ ಬೆಲೆ ಹಾಳಾಗುತ್ತದೆ ಅನ್ನುವವರು ನಮ್ಮ ನಡುವೆಯೇ ಇದ್ದಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಅಣ್ಣ ನಿಧಾನದ ವೇಗದಲ್ಲಿ ಬೆಟ್ಟ ಹತ್ತಿದ್ದರಿಂದ ನಾನು ಹತ್ತಿದ ಬೆಟ್ಟ ಒಂದಿಂಚೂ ಕುಗ್ಗಿಲ್ಲ. 2020ರ ಹೇಡೀಸ್ ಗೇಮ್‌ನಲ್ಲಿರುವ ಗಾಡ್ ಮೋಡ್ ಅನ್ನುವ ನೆರವು ನನಗೆ ತುಂಬಾ ಮೆಚ್ಚುಗೆ. ಹಾಕಿಕೊಂಡ ತಕ್ಷಣ ಪೆಟ್ಟಿನ ಜೋರು ನೂರಕ್ಕೆ 20 ತಗ್ಗುತ್ತದೆ. ಪ್ರತಿ ಸಾವಿಗೂ ಇನ್ನೂ 2 ಸೇರುತ್ತದೆ, 80ರವರೆಗೆ. ಸೋತವನಿಗೆ ಸೋತಷ್ಟು ನೆರವು. ಅದೇ ವರ್ಷದ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2ರಲ್ಲಿ ಅಂಗವೈಕಲ್ಯ ಇರುವವರಿಗಾಗಿ 60ಕ್ಕೂ ಹೆಚ್ಚು ಸೆಟ್ಟಿಂಗ್‌ಗಳಿದ್ದವು. ಕಣ್ಣು ಕಾಣದವರೂ ಅದನ್ನು ಆಡಿ ಮುಗಿಸಿದರು. ಇದಕ್ಕೆ ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು.

2019ರಲ್ಲಿ ಸೆಕಿರೋ ಅನ್ನುವ ಬಹಳ ಕಷ್ಟದ ಗೇಮ್ ಬಂದಾಗ ಅದಕ್ಕೊಂದು ಸುಲಭದ ಮೋಡ್ ಇರಬೇಕಿತ್ತಾ ಅಂತ ಜಗಳ ನಡೆಯಿತು. ಎಲ್ಲರಿಗೂ ಒಂದೇ ಕಷ್ಟ ಇರಲಿ ಅನ್ನುವುದು ಅದನ್ನು ಮಾಡಿದವರ ಆಯ್ಕೆ. ಆ ಆಯ್ಕೆಯನ್ನು ನಾನು ಗೌರವಿಸುತ್ತೇನೆ. ಅಣ್ಣನಿಗೆ ಅದು ಸಿಗಲಿಲ್ಲ ಅನ್ನುವ ನೋವೂ ನನಗೆ ಇದೆ. ಎರಡೂ ಒಟ್ಟಿಗೇ ಇವೆ, ನನ್ನಿಂದ ಇದನ್ನು ಬಗೆಹರಿಸಲು ಆಗಿಲ್ಲ. ಆದರೆ ಅದೇ ತಂಡ 2022ರಲ್ಲಿ ಎಲ್ಡೆನ್ ರಿಂಗ್ ತಂದಾಗ ಒಂದು ಪಾಠ ಇತ್ತು. ಅಲ್ಲಿ ಬಾಸ್ ಒಬ್ಬ ಬಗ್ಗದಿದ್ದರೆ ಬಿಟ್ಟು ಬೇರೆ ಕಡೆ ಹೋಗಬಹುದು. ಶಕ್ತಿ ಬೆಳೆಸಿಕೊಂಡು ಬರಬಹುದು. ಸಹಾಯಕ್ಕೆ ಆತ್ಮಗಳನ್ನು ಕರೆಯಬಹುದು. ಏನು ಮಾಡಬೇಕು ಅಂತ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಮೂರು ವಾರದೊಳಗೆ 1.2 ಕೋಟಿ ಪ್ರತಿ ಹೋದವು. ಬಾಣ ಇಲ್ಲದಿದ್ದರೆ ಜನ ಬಿಟ್ಟು ಹೋಗುತ್ತಾರೆ ಅಂತ ನಿಮ್ಮ ಆಫೀಸಿನಲ್ಲಿ ಯಾರಾದರೂ ಹೇಳಿದರೆ ಈ ಲೆಕ್ಕ ಅವರಿಗೆ ತೋರಿಸಿ.

ಇನ್ನೊಂದು ವಿಷಯ. ಇದನ್ನು ಹೇಳುವಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಸುಲಭವನ್ನು ಮಾರುವುದು. 2012ರ ಕ್ಯಾಂಡಿ ಕ್ರಶ್‌ನಲ್ಲಿ ಐದು ಲೈಫ್, ಒಂದು ಹೋದರೆ ವಾಪಸ್ ಬರಲು 30 ನಿಮಿಷ. ಕಾಯಲು ಆಗದಿದ್ದರೆ ದುಡ್ಡು ಕೊಡಿ. ಆಮೇಲೆ ಪೂರ್ತಿ ಬೆಲೆ ಕೊಟ್ಟು ಕೊಂಡ ದೊಡ್ಡ ಗೇಮ್‌ಗಳಿಗೂ ಈ ರೋಗ ಅಂಟಿತು. 2018ರ ಅಸಾಸಿನ್ಸ್ ಕ್ರೀಡ್ ಒಡಿಸ್ಸಿಯಲ್ಲಿ ಪಾತ್ರ ಬೇಗ ಬೆಳೆಯುವ ಹಾಗೆ ಮಾಡುವ ಬೂಸ್ಟ್ ಅನ್ನು ಬೇರೆಯಾಗಿ ಮಾರಿದರು. ಹೀಗಾದ ಮೇಲೆ ಗೇಮ್ ಒಂದು ಕಡೆ ಎಳೆಯುತ್ತಿದೆ ಅನ್ನಿಸಿದರೆ ನನ್ನ ಕೈ ಸೋತಿತಾ, ಅಂಗಡಿಗೆ ಹೋಗಲಿ ಅಂತಲೇ ಎಳೆಯುತ್ತಿದ್ದಾರಾ ಅನ್ನುವ ಅನುಮಾನ ಬರುತ್ತದೆ. ಒಮ್ಮೆ ಆ ಅನುಮಾನ ಬಂದರೆ ಆಡುವ ಮನಸ್ಸೇ ಹೋಗುತ್ತದೆ. ಆರ್ಕೇಡಿನ ನಾಣ್ಯವೇ ವೇಷ ಬದಲಿಸಿ ವಾಪಸ್ ಬಂದಿದೆ. ಅಣ್ಣನಂಥವರಿಗೆ ಬೇಕಾದ ನೆರವು ಮೆನುವಿನಲ್ಲಿ ಪುಕ್ಕಟೆ ಇರಬೇಕು. ಅದನ್ನು ಅಂಗಡಿಯಲ್ಲಿ ಇಡಬೇಡಿ.

ನಾನು ಕೇಳುವುದು ದೊಡ್ಡದೇನಲ್ಲ. ಕೈಗೆ ಕೊಡುವ ನೆರವನ್ನೂ ತಲೆಗೆ ಕೊಡುವ ನೆರವನ್ನೂ ಒಂದೇ ಸ್ವಿಚ್‌ಗೆ ಕಟ್ಟಬೇಡಿ. ಎಷ್ಟೋ ಗೇಮ್‌ಗಳಲ್ಲಿ ಸುಲಭದ ಮೋಡ್ ಹಾಕಿದರೆ ಶತ್ರುಗಳೂ ಬೇಗ ಸೋಲುತ್ತಾರೆ, ಹಿಂಟ್‌ಗಳೂ ಜಾಸ್ತಿ ಬರುತ್ತವೆ. ಕೈ ನಿಧಾನ ಇರುವವನ ತಲೆಯೂ ನಿಧಾನ ಅಂತ ನೀವೇ ತೀರ್ಮಾನ ಮಾಡಿದ ಹಾಗಾಗುತ್ತದೆ. ನನ್ನ ಅಣ್ಣನಷ್ಟು ಬೇಗ ಪಜಲ್ ಬಿಡಿಸುವವರನ್ನು ನಾನು ನೋಡಿಲ್ಲ. ಜೊತೆಗಿನ ಪಾತ್ರ ಬಾಯಿ ಬಿಡುವುದಕ್ಕೆ ಎಷ್ಟು ಹೊತ್ತು ಕಾಯಬೇಕು ಅಂತ ಆಟಗಾರ ಗೊತ್ತು ಮಾಡಲಿ. ಒಂದು ನಿಮಿಷ, ಹತ್ತು ನಿಮಿಷ, ಇಲ್ಲವೇ ತಾನಾಗಿ ಕೇಳುವ ತನಕ ಬೇಡವೇ ಬೇಡ. ಶಬ್ದಕ್ಕೆ, ಬೆಳಕಿಗೆ, ಅಕ್ಷರದ ಗಾತ್ರಕ್ಕೆ ಮೆನುವಿನಲ್ಲಿ ಸಾಲು ಇದೆ. ಇದಕ್ಕೂ ಒಂದು ಸಾಲು ಸಾಕು.

ಆ ಕೋಟೆಯ ಗೇಮನ್ನು ನಾನು ಅಣ್ಣನಿಗೆ ಕೊಟ್ಟೆ. ಬಾಗಿಲಿನ ವಿಷಯ ಹೇಳಲಿಲ್ಲ. ಸೆಟ್ಟಿಂಗ್ ಪೂರ್ತಿ ಹುಡುಕಿದೆ, ಹಿಂಟ್ ನಿಲ್ಲಿಸುವ ದಾರಿ ಎಲ್ಲೂ ಸಿಗಲಿಲ್ಲ. ಕೊನೆಗೆ ಮಾತಿನ ಶಬ್ದವನ್ನು ಸೊನ್ನೆಗೆ ಇಳಿಸಿದೆ, ಸಬ್‌ಟೈಟಲ್ ಆಫ್ ಮಾಡಿದೆ. ನಿಮ್ಮ ಕಲಾವಿದರು ಅಷ್ಟು ಚೆನ್ನಾಗಿ ಮಾತಾಡಿದ ಕಥೆ ಎಲ್ಲ ಅವನಿಗೆ ಕೇಳಿಸಲೇ ಇಲ್ಲ. ಪಾತ್ರಗಳು ಸುಮ್ಮನೆ ತುಟಿ ಆಡಿಸುತ್ತಿದ್ದವು. ಬಾಗಿಲಿನ ಮುಂದೆ ಅವನು ಐವತ್ತು ನಿಮಿಷ ಕೂತಿದ್ದನಂತೆ. ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿದ. ಹಲೋ ಅನ್ನಲಿಲ್ಲ, ಏನೂ ಇಲ್ಲ. "ಸಿಕ್ಕಿತು ಕಣೋ" ಅಂದ. ಆಮೇಲೆ ನೀರನ್ನು ಎಲ್ಲಿಂದ ತಿರುಗಿಸಿದೆ, ಮೊದಲು ಏನೇನು ತಪ್ಪು ಮಾಡಿದೆ ಅಂತ ಅರ್ಧ ಗಂಟೆ ಹೇಳಿದ.

ಮುಂದಿನ ಗೇಮ್‌ನಲ್ಲಿ ಅವನಿಗೆ ಕಥೆಯೂ ಕೇಳಿಸುವ ಹಾಗೆ ಮಾಡಿಕೊಡಿ.

ಇಂತಿ,
ನಿಮ್ಮ ಗೇಮ್‌ಗಳನ್ನು ಆಡುತ್ತಲೇ ಬೆಳೆದ ಒಬ್ಬ ಆಟಗಾರ